ಸುಸ್ತಿಗೆ ಗ್ಲೂಕೋಸ್ ಬಾಟಲಿ ಮದ್ದಲ್ಲ

ಮಾನ್ಯ ಸಂಪಾದಕರೇ,

ಅಕ್ಟೋಬರ್ ಬಂತೆಂದರೆ ಸ್ತನ ಕ್ಯಾನ್ಸರ್ ಜಾಗೃತಿಯ ಗುಲಾಬಿ ರಿಬ್ಬನ್ನು, ಜಾಥಾ, ವೇದಿಕೆ ಭಾಷಣ. ಎದೆಯಲ್ಲಿ ಗಂಟು ಕಂಡರೆ ತಡ ಮಾಡಬೇಡಿ ಎನ್ನುವ ಮಾತು ಕೋಲಾರ ಜಿಲ್ಲೆಯ ಹಳ್ಳಿಗಳಿಗೂ ಮುಟ್ಟುತ್ತಿದೆ, ಸಂತೋಷ. ಆದರೆ ಆಪರೇಷನ್ ಆಗಿ, ಕೀಮೋ ಮುಗಿದು, ಊರಿನವರು 'ಕರೆಂಟು' ಎಂದು ಕರೆಯುವ ರೇಡಿಯೇಷನ್ನೂ ಮುಗಿದ ಮೇಲೆ, ಮನೆಗೆ ಬಂದ ಹೆಂಗಸು ಒಂದು ಬಿಂದಿಗೆ ನೀರು ಎತ್ತಲಾರದೆ ಗೋಡೆಗೊರಗಿ ಕೂರುತ್ತಾಳಲ್ಲ, ಅದರ ಬಗ್ಗೆ ಯಾವ ಭಾಷಣದಲ್ಲೂ ಒಂದು ಮಾತಿಲ್ಲ. ಚಿಕಿತ್ಸೆ ನಡೆಯುವಾಗ ಮನೆಯವರು "ಏನೂ ಮುಟ್ಟಬೇಡ, ಮಲಕ್ಕೊ" ಅನ್ನುತ್ತಾರೆ. ಮುಗಿದ ಮೂರನೇ ತಿಂಗಳಿಗೆ ಅದೇ ಬಾಯಲ್ಲಿ "ಎಲ್ಲಾ ಆಯ್ತಲ್ಲಮ್ಮ, ಇನ್ನೇನು ಸುಸ್ತು?" ಅನ್ನುತ್ತಾರೆ. ಎರಡೂ ತಪ್ಪು. ಮೂರನೆಯ ತಪ್ಪು, ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಒಂದು ಬಾಟಲಿ ಗ್ಲೂಕೋಸ್ ಹಾಕಿಸುವುದು.

ಬಾಟಲಿಯ ಲೆಕ್ಕ ಮೊದಲು ನೋಡಿಬಿಡೋಣ. ಅರ್ಧ ಲೀಟರಿನ ಶೇ 5ರ ಡೆಕ್ಸ್‌ಟ್ರೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಮಿಕ್ಕಿದ್ದು ನೀರು. ಐದಾರು ಚಮಚ ಸಕ್ಕರೆ ಅಷ್ಟೇ, ನೂರು ಕ್ಯಾಲೊರಿಯೂ ಆಗುವುದಿಲ್ಲ. ನೂರು ಗ್ರಾಂ ಹಿಟ್ಟು ಹಾಕಿ ಕಟ್ಟಿದ ಒಂದು ರಾಗಿಮುದ್ದೆಯಲ್ಲಿ ಇದರ ಮೂರು ಪಟ್ಟಿಗಿಂತ ಹೆಚ್ಚು ಶಕ್ತಿಯಿದೆ. ಹಾಕಿಸಿಕೊಂಡ ಸಂಜೆ ಮೈ ಹಗುರ ಅನ್ನಿಸುವುದು ನಿಜ. ಎರಡು ಗಂಟೆ ಫ್ಯಾನಿನ ಕೆಳಗೆ ಅಲುಗದೆ ಮಲಗಿದ್ದು, ಒಣಗಿದ್ದ ಮೈಗೆ ಒಂದಿಷ್ಟು ನೀರು ಸೇರಿದ್ದು ಅದಕ್ಕೆ ಕಾರಣ. ಮರುದಿನ ಸುಸ್ತು ಇದ್ದಲ್ಲೇ ಇರುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಶುಗರ್ ಏರುತ್ತದೆ. ಕಂಕುಳಿನ ಗಂಟುಗಳನ್ನು ತೆಗೆದಿರುವ ಕಡೆಯ ಕೈಗೇ ಸೂಜಿ ಚುಚ್ಚಿ, ಅಲ್ಲಿ ಸೋಂಕಾದರೆ ಕೈ ಊದಿಕೊಂಡು ವರ್ಷಗಟ್ಟಲೆ ಕಾಡಬಹುದು. ವಾಂತಿ ಭೇದಿಯಾಗಿ ಮೈ ಒಣಗಿದಾಗ ಆಸ್ಪತ್ರೆಯಲ್ಲಿ ಡ್ರಿಪ್ಸ್ ಬೇಕಾಗುತ್ತದೆ, ಅದು ಬೇರೆ ಮಾತು.

ಹೊಲದಲ್ಲಿ ದುಡಿದ ಸುಸ್ತು ಒಂದು ರಾತ್ರಿ ನಿದ್ದೆ ಮಾಡಿದರೆ ಇಳಿಯುತ್ತದೆ. ಕ್ಯಾನ್ಸರ್ ಚಿಕಿತ್ಸೆಯ ಸುಸ್ತು ಹಾಗೆ ಇಳಿಯುವುದಿಲ್ಲ, ಮಾಡಿದ ಕೆಲಸಕ್ಕೂ ಅದಕ್ಕೂ ತಾಳೆಯೂ ಇರುವುದಿಲ್ಲ: ತಲೆ ಬಾಚಿಕೊಂಡರೆ ಸಾಕು, ಕೈ ಸೋತು ಬೀಳುತ್ತದೆ. ಓದಲು ಕೂತರೆ ಸಾಲು ಜಾರುತ್ತದೆ, ಒಲೆಯ ಮೇಲೆ ಇಟ್ಟ ಹಾಲು ಮರೆಯುತ್ತದೆ. ಹೆಚ್ಚಿನವರಲ್ಲಿ ಚಿಕಿತ್ಸೆ ಮುಗಿದ ಒಂದು ವರ್ಷದೊಳಗೆ ಇದು ತಗ್ಗುತ್ತದೆ. ಮೂರ್ನಾಲ್ಕು ಜನರಲ್ಲಿ ಒಬ್ಬರಿಗೆ ಅದಕ್ಕೂ ಮುಂದೆ ಉಳಿಯುತ್ತದೆ. ಸೋಮಾರಿತನಕ್ಕೂ ಇದಕ್ಕೂ ಸಂಬಂಧವಿಲ್ಲ. ಸುಸ್ತು ಇದೆ ಅಂದಮಾತ್ರಕ್ಕೆ ಕ್ಯಾನ್ಸರ್ ಮರಳಿದೆ ಎಂದೂ ಅಲ್ಲ, ಆ ಹೆದರಿಕೆಗೇ ಬಾಯಿ ಬಿಡದವರು ಎಷ್ಟೋ ಮಂದಿ.

ಡಾಕ್ಟರ ಮುಂದೆ ಕೂತಾಗ "ಸುಸ್ತು ಸಾರ್" ಎಂದಷ್ಟೇ ಹೇಳಿದರೆ ಎರಡು ನಿಮಿಷದ ಭೇಟಿಯಲ್ಲಿ ಅದು ಕಳೆದುಹೋಗುತ್ತದೆ. ಅಂಕಿ ಹೇಳಬೇಕು. ಸುಸ್ತೇ ಇಲ್ಲ ಅಂದರೆ ಸೊನ್ನೆ, ಏಳಲೇ ಆಗದಿದ್ದರೆ ಹತ್ತು. ಮೂರರವರೆಗೆ ಸೌಮ್ಯ, ನಾಲ್ಕರಿಂದ ಆರು ಮಧ್ಯಮ, ಏಳು ಮುಟ್ಟಿದರೆ ತೀವ್ರ. ನಮ್ಮ ಹಳ್ಳಿಗಳಲ್ಲಿ ಇದನ್ನು ಕಲಿಸುವುದು ಕಷ್ಟವೇ ಅಲ್ಲ. ಡೇರಿಯ ಹಾಲಿನ ಪುಸ್ತಕದಲ್ಲಿ ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು ಎಂದು ಬರೆಸುವವರಿಗೆ ಸುಸ್ತನ್ನೂ ಬೆಳಿಗ್ಗೆ ಒಂದು ಅಂಕಿ, ಸಂಜೆ ಒಂದು ಅಂಕಿ ಬರೆದಿಡುವುದು ಹೊಸದೇನಲ್ಲ. ಪಕ್ಕದಲ್ಲಿ ಆ ದಿನ ಮಾಡಿದ ದೊಡ್ಡ ಕೆಲಸ, ರಾತ್ರಿ ನಿದ್ದೆ ಎಷ್ಟು ಗಂಟೆ, ಅಷ್ಟು ಸಾಕು. ನಾಲ್ಕು ಅಥವಾ ಅದಕ್ಕಿಂತ ಮೇಲೆ ಒಂದು ವಾರ ನಿಂತರೆ ಕಾರಣ ಹುಡುಕಲೇಬೇಕು.

ಹುಡುಕಿದರೆ ಸಿಗುವ, ಸರಿಪಡಿಸಲೂ ಬರುವ ಕಾರಣಗಳಲ್ಲಿ ಮೊದಲನೆಯದು ರಕ್ತಹೀನತೆ. ಹೆಂಗಸರಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ಲೆಕ್ಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತ ಕಡಿಮೆ. ಅಂದರೆ ನಮ್ಮ ಅರ್ಧದಷ್ಟು ಹೆಣ್ಣುಮಕ್ಕಳು ಮೊದಲೇ ಬರಿದಾದ ತೊಟ್ಟಿಯೊಂದಿಗೆ ಕೀಮೋಗೆ ಬರುತ್ತಾರೆ, ಕೀಮೋ ರಕ್ತ ತಯಾರಿಸುವ ಮೂಳೆಯೊಳಗಿನ ಮಜ್ಜೆಯನ್ನು ಕುಗ್ಗಿಸಿ ಇನ್ನಷ್ಟು ಇಳಿಸುತ್ತದೆ. ಇಲ್ಲಿ ಒಂದು ಎಚ್ಚರ: ಕೀಮೋ ನಡುವೆ ರಕ್ತ ಇಳಿದದ್ದೆಲ್ಲ ಕಬ್ಬಿಣದ ಕೊರತೆಯಲ್ಲ. ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸದೆ ಅಂಗಡಿಯಿಂದ ಕಬ್ಬಿಣದ ಮಾತ್ರೆ ತಂದು ನುಂಗಿದರೆ ಮಲಬದ್ಧತೆ ಮಾತ್ರ ಸಿಗಬಹುದು. ಕೊರತೆ ಇದೆ ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರೆ ಅದನ್ನು ಕಾಫಿ, ಟೀ, ಹಾಲು, ರಾಗಿ ಅಂಬಲಿಯ ಜೊತೆ ತಗೊಳ್ಳಬಾರದು. ರಾಗಿ ಹಾಲಿನ ಸುಣ್ಣದಂಶವೂ ಕಾಫಿ ಟೀಯ ಒಗರೂ ಕಬ್ಬಿಣ ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಎರಡು ಗಂಟೆ ಅಂತರ ಕೊಟ್ಟು, ನಿಂಬೆಹಣ್ಣಿನ ಪಾನಕವೋ ನೆಲ್ಲಿಕಾಯಿಯೋ ಜೊತೆಗಿದ್ದರೆ ಒಳ್ಳೆಯದು.

ಎರಡನೆಯದು ಥೈರಾಯ್ಡ್. ಕತ್ತಿನ ಬುಡದ ಗ್ರಂಥಿಗಳಿಗೂ ರೇಡಿಯೇಷನ್ ಕೊಟ್ಟಿದ್ದರೆ ಥೈರಾಯ್ಡ್ ನಿಧಾನವಾಗುವ ಸಾಧ್ಯತೆ ಇದೆ. ಟಿಎಸ್‌ಎಚ್ ಎಂಬ ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಶುಗರ್, ಬಿ12, ಕಿಡ್ನಿ ಲಿವರ್, ಸೋಡಿಯಂ ಇವೂ ಪಟ್ಟಿಯಲ್ಲಿರಲಿ. ಹೃದಯವನ್ನು ಮರೆಯಬಾರದು. ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧ ಮತ್ತು ಸಾಮಾನ್ಯವಾಗಿ ಒಂದು ವರ್ಷ ಕೊಡುವ ಟ್ರಾಸ್ಟುಜುಮಾಬ್, ಎರಡೂ ಕೆಲವರಲ್ಲಿ ಹೃದಯದ ಬಲ ಕುಗ್ಗಿಸುತ್ತವೆ. ಟ್ರಾಸ್ಟುಜುಮಾಬ್ ತಗೊಳ್ಳುವವರಿಗೆ ಸುಮಾರು ಮೂರು ತಿಂಗಳಿಗೊಮ್ಮೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸುವುದು ಅದಕ್ಕೇ. ನಾಲ್ಕು ಮೆಟ್ಟಿಲಿಗೆ ಏದುಸಿರು, ಪಾದ ಊತ, ಚಪ್ಪಟೆ ಮಲಗಿದರೆ ಉಸಿರು ಕಟ್ಟುವುದು, ಇವು ಕಂಡರೆ 'ಕೀಮೋ ಸುಸ್ತು' ಎಂದು ಸುಮ್ಮನಿರಬೇಡಿ.

ಮೂರು ವಾರಕ್ಕೊಮ್ಮೆ ಕೀಮೋ ನಡೆಯುವವರಿಗೆ 21 ದಿನದ ಒಂದು ಪಂಚಾಂಗ ಇರುತ್ತದೆ. ಅದನ್ನು ತಿಳಿದರೆ ಅರ್ಧ ಗೊಂದಲ ಕಡಿಮೆ. ಮೊದಲ ಒಂದೆರಡು ದಿನ ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಮೈಗೆ ಕಳ್ಳ ಹುರುಪು ಕೊಡುತ್ತದೆ. ಮುಖ ಕೆಂಪಗಿರುತ್ತದೆ, ರಾತ್ರಿ ನಿದ್ದೆ ಇರುವುದಿಲ್ಲ, ಎದ್ದು ಪಾತ್ರೆಯೆಲ್ಲ ಬೆಳಗಿಬಿಡೋಣ ಅನ್ನಿಸುತ್ತದೆ. ಮಾತ್ರೆ ನಿಂತ ಮೇಲೆ, ಮೂರರಿಂದ ಐದನೇ ದಿನದ ಹೊತ್ತಿಗೆ, ದಾರ ಕಡಿದ ಗಾಳಿಪಟದ ಹಾಗೆ ಬೀಳುತ್ತಾರೆ. ಮನೆಗೆ ಕೊಟ್ಟ ಸ್ಟೀರಾಯ್ಡ್ ಮಾತ್ರೆಯನ್ನು ಸಂಜೆಯ ಬದಲು ಬೆಳಿಗ್ಗೆ ಮಧ್ಯಾಹ್ನದೊಳಗೆ ತಗೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿ, ನಿದ್ದೆ ಸ್ವಲ್ಪ ಉಳಿಯುತ್ತದೆ. ಏಳರಿಂದ ಹದಿನಾಲ್ಕನೇ ದಿನ ಬಿಳಿ ರಕ್ತಕಣ ತೀರ ಇಳಿದಿರುತ್ತದೆ. ಆಗ ಮದುವೆ ಮನೆ, ಸಂತೆ, ಕೊಟ್ಟಿಗೆ ಬಾಚುವುದು, ಸಗಣಿ ಮುಟ್ಟುವುದು ಬೇಡ. ಮೈ ಬಿಸಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿ ಮಲಗುವಂತಿಲ್ಲ. ರಾತ್ರಿಯಾದರೂ ಸರಿ ತಕ್ಷಣ ಆಸ್ಪತ್ರೆಗೆ ಹೊರಟು, ಬಾಗಿಲಲ್ಲೇ ಕೀಮೋ ಆದ ತಾರೀಕು ಹೇಳಬೇಕು. ಒಂದು ಡಿಜಿಟಲ್ ಥರ್ಮಾಮೀಟರ್ ಮನೆಯಲ್ಲಿಲ್ಲದೆ ಕೀಮೋ ಶುರು ಮಾಡಲೇಬಾರದು ಎನ್ನುವುದು ನಮ್ಮ ಅಭಿಪ್ರಾಯ. ಮೂರನೇ ವಾರ ಮೈ ಚೇತರಿಸಿಕೊಳ್ಳುತ್ತದೆ. ಬ್ಯಾಂಕು, ರೇಷನ್ ಕಾರ್ಡು, ಮಗಳ ಶಾಲೆ, ಎಲ್ಲ ಆ ವಾರಕ್ಕೆ. ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧ ತಗೊಳ್ಳುವವರಿಗೆ ಈ ಏರಿಳಿತ ಅಷ್ಟು ಕಾಣುವುದಿಲ್ಲ. ಹನ್ನೆರಡು ವಾರದಲ್ಲಿ ಸುಸ್ತು ಪದರ ಪದರವಾಗಿ ಕೂರುತ್ತದೆ, ಪಾದ ಜೋಮು ಹಿಡಿಯುತ್ತದೆ. ಅಂಥವರು ಬರಿಗಾಲಲ್ಲಿ ಅಂಗಳಕ್ಕೂ ಇಳಿಯಬಾರದು, ಮುಳ್ಳು ಚುಚ್ಚಿದ್ದು ಗೊತ್ತಾಗುವುದಿಲ್ಲ.

ಅತಿ ಹೆಚ್ಚು ಎಡವುವುದು ಚೆನ್ನಾಗಿರುವ ದಿನವೇ. ಹದಿನೆಂಟನೇ ದಿನ ಮೈ ಹಗುರವಾಯಿತೆಂದು ವಾರದ ಬಟ್ಟೆಯೆಲ್ಲ ಕಲ್ಲಿಗೆ ಹಾಕಿ ಒಗೆದು, ಹಬ್ಬ ಬಂತೆಂದು ಅಟ್ಟ ಗುಡಿಸಿದರೆ ಮುಂದಿನ ಎರಡು ದಿನ ಹಾಸಿಗೆ. ಎರಡು ದಿನ ಮಲಗಿದ್ದಕ್ಕೆ ಸ್ನಾಯು ಇನ್ನಷ್ಟು ಸೊರಗಿ, ಮೂರನೇ ದಿನ ಮೊದಲಿಗಿಂತ ಕಡಿಮೆ ಕೆಲಸಕ್ಕೇ ಸುಸ್ತು. ಈ ಚಕ್ರ ಮುರಿಯಬೇಕಾದರೆ ಚೆನ್ನಾಗಿರುವ ದಿನ ಮಾಡಲು ಆಗುವ ಕೆಲಸದಲ್ಲಿ ಮುಕ್ಕಾಲು ಪಾಲು ಮಾಡಿ ನಿಲ್ಲಿಸಬೇಕು, ಕೆಟ್ಟ ದಿನವೂ ಐದು ನಿಮಿಷವಾದರೂ ನಡೆಯಬೇಕು.

ನಡೆಯಿರಿ ಎಂದಾಗ ಮನೆಯವರು ನಮ್ಮನ್ನು ಕರುಣೆಯಿಲ್ಲದವರ ಹಾಗೆ ನೋಡುತ್ತಾರೆ. ಆದರೆ ಈ ಸುಸ್ತಿಗೆ ಇದುವರೆಗೆ ಸಿಕ್ಕಿರುವ ಅತ್ಯಂತ ಗಟ್ಟಿ ಪುರಾವೆಯ ಮದ್ದು ವ್ಯಾಯಾಮವೇ. ವಾರಕ್ಕೆ ಮೂರು ದಿನ, ಅರ್ಧ ಗಂಟೆ ಬಿರುಸು ನಡಿಗೆ, ಕನಿಷ್ಠ ಹನ್ನೆರಡು ವಾರ. ಜೊತೆಗೆ ವಾರಕ್ಕೆರಡು ದಿನ ಸ್ನಾಯುಬಲದ ವ್ಯಾಯಾಮ. ಇದು ತಲುಪಬೇಕಾದ ಗುರಿ, ಶುರುವಿನ ಅಳತೆ ಅಲ್ಲ. ಶುರುವಿಗೆ ಅಂಗಳದಲ್ಲೇ ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ. ಎರಡು ಮೂರು ದಿನಕ್ಕೆ ಒಂದೊಂದು ನಿಮಿಷ ಏರಿಸಿ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ. ಮರುದಿನ ಪುಸ್ತಕದಲ್ಲಿ ಸುಸ್ತಿನ ಅಂಕಿ ಎರಡು ಏರಿದ್ದರೆ ನಿಮಿಷಗಳನ್ನು ಅರ್ಧಕ್ಕಿಳಿಸಿ, ಪೂರ್ತಿ ಬಿಡಬೇಡಿ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ, ಇಲ್ಲವೇ ಬಿಸಿಲಿಳಿದ ಮೇಲೆ. ಬಲಕ್ಕೆ ಜಿಮ್ ಬೇಡ: ಗೋಡೆಗೆ ತಾಗಿಸಿಟ್ಟ ಕುರ್ಚಿಯಿಂದ ಕೈ ಊರದೆ ಎಂಟು ಸಲ ಏಳುವುದು ಕೂರುವುದು, ಒಂದು ನಿಮಿಷ ಬಿಟ್ಟು ಇನ್ನೊಮ್ಮೆ. ಸರ್ಜನ್ ಒಪ್ಪಿದ ಮೇಲೆ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಮೊಣಕೈ ಮಡಿಸುವುದು, ಅದು ಅರ್ಧ ಕೆಜಿ ತೂಕ. ಜ್ವರ, ಎದೆನೋವು, ತಲೆಸುತ್ತು, ಹಿಮೋಗ್ಲೋಬಿನ್ 8ಕ್ಕಿಂತ ಕೆಳಗೆ, ಪ್ಲೇಟ್‌ಲೆಟ್ ತೀರ ಕಡಿಮೆ, ಮೂಳೆಗೆ ಹರಡಿರುವುದು, ಇವುಗಳಲ್ಲಿ ಯಾವುದಿದ್ದರೂ ಕೇಳಿಯೇ ಮುಂದುವರಿಯಬೇಕು. ಯೋಗವೂ ಸರಿ, ಕೈ ಊರಿ ಮೈಭಾರ ಹೊರುವ ಆಸನಗಳು ಬಿಟ್ಟು.

ಮನೆಗೆಲಸದ ಮಾತು. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಊರೂರಲ್ಲಿ ಶುದ್ಧ ನೀರಿನ ಘಟಕಗಳಿವೆ, ಅಲ್ಲಿಂದ 20 ಲೀಟರಿನ ಕ್ಯಾನು ಹೊತ್ತು ತರುವುದು ಹೆಚ್ಚಾಗಿ ಹೆಂಗಸರ ಪಾಲಿಗೆ. ಆ ಕ್ಯಾನು ತುಂಬಿದರೆ 20 ಕೆಜಿಗೆ ಮೇಲೆ. ಆಪರೇಷನ್ನಿನ ನಂತರದ ನಾಲ್ಕರಿಂದ ಆರು ವಾರ ಎರಡು ಮೂರು ಕೆಜಿ ಮೀರಿ ಎತ್ತುವಂತಿಲ್ಲ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದ್ದರೂ ನೀರು ತರುವವರು ಯಾರು ಎಂದು ಅದರಲ್ಲಿ ಇರುವುದಿಲ್ಲ. ಗಂಡನೋ ಮಗನೋ ತರಲಿ, ಅದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ. ಆಮೇಲೂ ಮೊದಮೊದಲು ಐದು ಲೀಟರಿನ ಕ್ಯಾನು ಸಾಕು. ಹಾಗೆಂದು ಆಪರೇಷನ್ ಆದ ಕಡೆಯ ಕೈಯನ್ನು ಗಾಜಿನ ಸಾಮಾನಿನಂತೆ ಎತ್ತಿಡುವುದೂ ತಪ್ಪು: ಬಳಸದ ಕೈಯ ಭುಜ ಬಿಗಿಯುತ್ತದೆ, ಬಿಗಿದ ಭುಜ ಎಲ್ಲ ಕೆಲಸವನ್ನೂ ಎರಡು ಪಟ್ಟು ಭಾರ ಮಾಡುತ್ತದೆ. ಭಾರವನ್ನು ವಾರವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸುವುದು ಸರಿಯಾದ ದಾರಿ.

ಮುದ್ದೆ ತೊಳಸುವುದು ಅಡುಗೆಮನೆಯ ಅತಿ ಭಾರದ ಕೆಲಸಗಳಲ್ಲಿ ಒಂದು. ಕೋಲು ಹಿಡಿದು ಎದೆಯ ಬಲ ಹಾಕಬೇಕು, ಜೊತೆಗೆ ಹಬೆ. ಅದನ್ನು ಮನೆಯ ಬೇರೆಯವರಿಗೆ ಬಿಡಿ. ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು ಕುರ್ಚಿಯಲ್ಲಿ ಬೆನ್ನೊರಗಿ ಆಗಲಿ, ಒಲೆಯ ಪಕ್ಕ ಎತ್ತರದ ಸ್ಟೂಲ್ ಇರಲಿ, ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲ್ ಇರಲಿ. ತುಂಬಾ ಬಿಸಿನೀರಿನಲ್ಲಿ ನಿಂತು ಮೀಯುವಾಗ ತಲೆಸುತ್ತಿ ಬೀಳುವುದುಂಟು. ಹಸು ಎರಡಿದ್ದು ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಮನೆಯಾದರೆ ಒಂದು ಹೊತ್ತಿನ ಕರೆಯುವಿಕೆಯನ್ನಾದರೂ ಮೊದಲೇ ಯಾರಿಗಾದರೂ ಗೊತ್ತುಮಾಡಿ. ಇನ್ನು ನೋಡಲು ಬರುವ ನೆಂಟರು. ಪ್ರೀತಿಯಿಂದಲೇ ಬರುತ್ತಾರೆ, ಆದರೆ ರೋಗಿಯೇ ಎದ್ದು ಕಾಫಿ ಕಾಸುವುದನ್ನು ನಾವು ಕಾಣುತ್ತಲೇ ಇದ್ದೇವೆ. ಸಂಜೆ ಒಂದು ಗಂಟೆ ಮಾತ್ರ, ಕೆಮ್ಮು ನೆಗಡಿ ಇದ್ದವರು ಫೋನಿನಲ್ಲಿ, ಎಂದು ಮನೆಯ ಹಿರಿಯರೊಬ್ಬರು ಹೇಳಿಬಿಟ್ಟರೆ ಎಲ್ಲರಿಗೂ ಸುಲಭ.

ಊಟದಲ್ಲಿ ದೊಡ್ಡ ಶತ್ರು 'ಪಥ್ಯ'. ಮೊಟ್ಟೆ ಬೇಡ, ಮೊಸರು ಬೇಡ, ಕಾಳು ವಾಯು ಎಂದು ಬರೀ ಗಂಜಿ ಕೊಟ್ಟರೆ ಸ್ನಾಯು ಕರಗುತ್ತದೆ. ಕೆಜಿ ತೂಕಕ್ಕೆ ದಿನಕ್ಕೆ ಒಂದರಿಂದ ಒಂದೂವರೆ ಗ್ರಾಂ ಪ್ರೋಟೀನ್ ಬೇಕು; ಐವತ್ತು ಕೆಜಿಯ ಹೆಂಗಸಿಗೆ ಕನಿಷ್ಠ 50 ಗ್ರಾಂ. ನೂರು ನೂರು ಗ್ರಾಂ ಹಿಟ್ಟಿನ ಎರಡು ಮುದ್ದೆಯಲ್ಲಿ 14 ಗ್ರಾಂ, ಎರಡು ಬೇಯಿಸಿದ ಮೊಟ್ಟೆಯಲ್ಲಿ 12, ಅರ್ಧ ಲೀಟರ್ ಹಾಲು ಮೊಸರಿನಲ್ಲಿ 16, ಅರವತ್ತು ಗ್ರಾಂ ಹುರುಳಿ ಅಥವಾ ಹೆಸರುಕಾಳಿನ ಸಾರಿನಲ್ಲಿ 13, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 6. ಅರವತ್ತು ದಾಟಿತು. ಹಾಲೆಲ್ಲ ಡೇರಿಗೆ ಹಾಕಿ ಮನೆಗೆ ಕಾಫಿಗಷ್ಟೇ ಉಳಿಸುವ ಪದ್ಧತಿ ನಮ್ಮಲ್ಲಿದೆ. ಚಿಕಿತ್ಸೆ ಮುಗಿಯುವವರೆಗೆ ಆ ಅರ್ಧ ಲೀಟರ್ ಮನೆಯಲ್ಲೇ ಇರಲಿ, ಚೆನ್ನಾಗಿ ಕಾಯಿಸಿ. ಒಮ್ಮೆಗೆ ಸೇರದಿದ್ದರೆ ಮುದ್ದೆಯನ್ನು ಅರ್ಧ ಮಾಡಿ ದಿನಕ್ಕೆ ಐದಾರು ಸಲ ತಿನ್ನಲಿ. ನೀರು ಎರಡು ಲೀಟರಿನಷ್ಟು. ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದವರಿಗೆ ಈ ಅಳತೆಗಳು ಬೇರೆ.

ರೇಡಿಯೇಷನ್ನಿನ ಸುಸ್ತು ಮೋಸಗಾರ. ಮೊದಲ ವಾರ ಏನೂ ಅನ್ನಿಸುವುದಿಲ್ಲ, ಆಮೇಲೆ ದಿನದಿನಕ್ಕೆ ಏರಿ, ಕೊನೆಯ ಕರೆಂಟ್ ಆದ ಮೇಲೂ ಒಂದೆರಡು ವಾರ ಹಾಗೇ ಇರುತ್ತದೆ. ವಾರಕ್ಕೆ ಐದು ದಿನದಂತೆ ಮೂರು ವಾರ, ಕೆಲವರಿಗೆ ಐದು ವಾರ. ಇದರ ಮೇಲೆ ಪ್ರಯಾಣ. ಕೋಲಾರದಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ದಿನಾ ಹೋಗಿ ಬಂದರೆ 15 ದಿನಕ್ಕೆ 2,100 ಕಿಲೋಮೀಟರ್. ಹತ್ತು ನಿಮಿಷದ ಚಿಕಿತ್ಸೆಗೆ ಇಡೀ ದಿನ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸಿಗೆ ಕಾಸು ಕೊಡಬೇಕಿಲ್ಲ, ಆದರೆ ಬೆಳಗಿನ ಬಸ್ಸಿನಲ್ಲಿ ಸೀಟೂ ಇರುವುದಿಲ್ಲ. ಬಂಗಾರಪೇಟೆ, ಮಾಲೂರಿನ ಕಡೆಯವರು ರೈಲು ನೋಡಬಹುದು: ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ಸೆಕೆಂಡ್ ಕ್ಲಾಸಿನಲ್ಲಿ ಶೇ 75 ರಿಯಾಯಿತಿ ಇದೆ, ಆಸ್ಪತ್ರೆಯ ಡಾಕ್ಟರು ನಿಗದಿತ ನಮೂನೆಯಲ್ಲಿ ಬರೆದುಕೊಡಬೇಕು. ದಿನಾ ಓಡಾಡುವ ಬದಲು ಆಸ್ಪತ್ರೆಯ ಹತ್ತಿರದ ಧರ್ಮಶಾಲೆಯಲ್ಲಿ ಜಾಗ ಸಿಗುತ್ತದೆಯೇ ಎಂದು ಮೊದಲ ದಿನವೇ ಅಲ್ಲಿನ ಸಮಾಜ ಕಾರ್ಯಕರ್ತರನ್ನು ಕೇಳಿ.

ಇಷ್ಟೆಲ್ಲ ಮುಗಿದ ಮೇಲೆ, ಹಾರ್ಮೋನಿನಿಂದ ಬೆಳೆಯುವ ಬಗೆಯ ಕ್ಯಾನ್ಸರ್ ಇದ್ದವರಿಗೆ, ಬರುವುದು ಹಾರ್ಮೋನ್ ತಡೆಯುವ ಮಾತ್ರೆ, ಟ್ಯಾಮಾಕ್ಸಿಫೆನ್ ಅಥವಾ ಲೆಟ್ರೊಜೋಲ್, ಐದು ವರ್ಷ, ಕೆಲವರಿಗೆ ಹತ್ತು. ರಾತ್ರಿ ಮೈ ಬಿಸಿಯೇರಿ ಬೆವರಿ ನಿದ್ದೆ ಮುರಿಯುತ್ತದೆ, ಬೆಳಿಗ್ಗೆ ಕೀಲು ಹಿಡಿದಿರುತ್ತದೆ. ಹಗಲು ನಿದ್ದೆ ಮಧ್ಯಾಹ್ನ ಮೂರಕ್ಕೆ ಮುಂಚೆ, ಅರ್ಧ ತಾಸು ಮೀರದಂತೆ. ಕೀಲುನೋವಿಗೆ ಮಲಗುವುದಕ್ಕಿಂತ ನಡೆಯುವುದೇ ಮೇಲು. ಸುಸ್ತಾಗುತ್ತದೆಂದು ಮಾತ್ರೆಯನ್ನು ತಾವೇ ನಿಲ್ಲಿಸುವುದು ಅಪಾಯ. ಬದಲಿ ಔಷಧ ಇದೆ, ಕೇಳಿ. ಯಾವುದರಲ್ಲೂ ಆಸಕ್ತಿ ಇಲ್ಲದೆ ಎರಡು ವಾರ ಕಳೆದರೆ ಅದು ಖಿನ್ನತೆಯೂ ಇರಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ಮನಸ್ಸಿಗೆಂದು ಮಾತ್ರೆ ಬರೆದುಕೊಡುವವರಿಗೆ ಟ್ಯಾಮಾಕ್ಸಿಫೆನ್ ವಿಷಯ ಹೇಳಲೇಬೇಕು. ಪ್ಯಾರೊಕ್ಸೆಟಿನ್, ಫ್ಲೂಯೊಕ್ಸೆಟಿನ್‌ನಂಥವು ಅದರ ಕೆಲಸಕ್ಕೆ ಅಡ್ಡ ಬರುತ್ತವೆ.

ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ರಜೆ ಮುಗಿಯಿತೆಂದು ಕೆಲಸ ಬಿಟ್ಟುಬಿಡುತ್ತಾರೆ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದವರಿಗೆ ಸಾಮಾನ್ಯ ಕಾಯಿಲೆ ಭತ್ಯೆಯ 91 ದಿನ ಮುಗಿದ ಮೇಲೆ, ಕ್ಯಾನ್ಸರಿಗೆ ವಿಸ್ತರಿತ ಭತ್ಯೆ ಉಂಟು: ಕೂಲಿಯ ಶೇ 80, ಗರಿಷ್ಠ ಎರಡು ವರ್ಷದವರೆಗೆ. ಎರಡು ವರ್ಷ ಇಎಸ್‌ಐಯಲ್ಲಿ ಇದ್ದು, ಆ ಅವಧಿಯಲ್ಲಿ 156 ದಿನದ ವಂತಿಗೆ ಕಟ್ಟಿರಬೇಕು. ರಾಜೀನಾಮೆ ಬರೆಯುವ ಮುಂಚೆ ಇಎಸ್‌ಐ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ.

ನಮ್ಮ ಬೇಡಿಕೆ ಚಿಕ್ಕವು. ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಬಿಪಿ, ಶುಗರ್, ಕ್ಯಾನ್ಸರಿನಂಥ ಅಂಟದ ಕಾಯಿಲೆಗಳ) ಕ್ಲಿನಿಕ್ಕಿಗೆ ಬರುವ, ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆದ ಪ್ರತಿಯೊಬ್ಬರಿಗೂ ಬಿಪಿ ನೋಡುವಾಗಲೇ ಸುಸ್ತಿನ ಅಂಕಿ ಕೇಳಿ ಬರೆಯಲಿ. ನಾಲ್ಕು ಅಥವಾ ಅದಕ್ಕಿಂತ ಮೇಲಿದ್ದರೆ ಹಿಮೋಗ್ಲೋಬಿನ್, ಟಿಎಸ್‌ಎಚ್ ಅಲ್ಲೇ ಆಗಲಿ, ಅಷ್ಟಕ್ಕೆ ಬೆಂಗಳೂರಿಗೆ ಕಳಿಸಬೇಡಿ. ಬೆಳಗಿನ ಬೆಂಗಳೂರು ಬಸ್ಸುಗಳಲ್ಲಿ ಆಸ್ಪತ್ರೆ ಚೀಟಿ ತೋರಿಸಿದವರಿಗೆ ಎರಡು ಸೀಟು ಬಿಡಿಸಿಕೊಡಲು ಕಂಡಕ್ಟರುಗಳಿಗೆ ಸೂಚನೆ ಹೋಗಲಿ. ತಮ್ಮ ಪತ್ರಿಕೆಯಿಂದಲೂ ಒಂದು ಉಪಕಾರ ಆಗಬೇಕು: ಮುಂದಿನ ಅಕ್ಟೋಬರಿನ ಪುರವಣಿಯಲ್ಲಿ ಕಾಲು ಪುಟದ ಖಾಲಿ ಕೋಷ್ಟಕ ಹಾಕಿ. 21 ಸಾಲು, ತಾರೀಕು, ಬೆಳಿಗ್ಗೆ, ಸಂಜೆ, ನಿದ್ದೆ, ಕೆಲಸ ಎಂದು ಐದು ಅಂಕಣ. ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುವಂತೆ ಅದರ ಹಿಂದಿನ ಪುಟದಲ್ಲಿ ಜಾಹೀರಾತು ಮಾತ್ರ ಇರಲಿ.

— ಕ್ಯಾನ್ಸರ್ ಆರೈಕೆಯಲ್ಲಿ ಕೆಲಸ ಮಾಡುವ ದಾದಿಯರು ಮತ್ತು ಫಿಸಿಯೋಥೆರಪಿಸ್ಟರು, ಕೋಲಾರ